ಕರಿಕಂಬಳಿ ನಗದೆ ಹೇಳಿದ ಮಾತುಗಳು

ದಸ್ತಗೀರ ತೀರಿಕೊಂಡು ಒಂದೂವರೆ ತಿಂಗಳಾಯಿತು. ಚಿತ್ರಕಥೆಯ ಪುಸ್ತಕ ಮಾಡಲು ಹೊರಟಿರುವ ಮೂರು ನಾಲ್ಕು ಮಂದಿ ಹುಡುಗ ಹುಡುಗಿಯರು ಕಳೆದ ವರ್ಷ ನಮ್ಮಿಬ್ಬರನ್ನೂ ಹುಡುಕಿಕೊಂಡು ಬಂದಿದ್ದರು. ಆಗೆಲ್ಲ ಈ ಕೆಲಸ ಹೇಗೆ ನಡೆಯುತ್ತಿತ್ತು, ಬರೆದು ಕೊಡಿ ಎಂದು ಕೇಳಿದ್ದರು. ಚಿತ್ರದ ಸಂಗತಿ ಅವನು ಹೇಳುವುದು, ಅಕ್ಷರದ ಸಂಗತಿ ನಾನು ಹೇಳುವುದು, ಎರಡನ್ನೂ ನಾನೇ ಬರೆಯುವುದು ಎಂದು ಮಾತಾಗಿತ್ತು. ಇವತ್ತು ನಾಳೆ ಎಂದು ಮುಂದೂಡಿದವನು ನಾನೇ. ಈಗ ಅವನ ಪಾಲಿನದನ್ನೂ ನೆನಪಿನಿಂದ ತೆಗೆದು ಬರೆಯಬೇಕಾಗಿದೆ. ಕೈ ಮೊದಲಿನ ಹಾಗೆ ಓಡುವುದಿಲ್ಲ. ನಾಲ್ಕು ಸಾಲಿಗೊಮ್ಮೆ ಪೆನ್ನು ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತೇನೆ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಅಕ್ಷರ ದುಂಡಗಿದ್ದವು, ಅಷ್ಟೇ ನನ್ನ ಬಂಡವಾಳ. ನಲವತ್ತು ವರ್ಷ ಅದರ ಮೇಲೆಯೇ ಬದುಕಿದೆ. ಅದರಲ್ಲಿ ಬಹಳಷ್ಟು ವರ್ಷಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅಂಗಡಿ ಬೋರ್ಡು, ಲಗ್ನಪತ್ರಿಕೆ, ಚುನಾವಣೆಯ ಗೋಡೆಬರಹ. ಹೇಳಬೇಕಾದದ್ದು ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷಗಳದ್ದು. ಅದರಲ್ಲೂ ಒಂದು ಪುಟದ್ದು. ಆ ಪುಟದಲ್ಲಿ ನಾನು ಬರೆದ ಒಂದು ಸಾಲು ಮಮದಾಪುರದ ಒಬ್ಬ ಮನುಷ್ಯನನ್ನು ಅವನ ಊರಿನವರ ಎದುರು ತಲೆ ಎತ್ತದಂತೆ ಮಾಡಿತು. ಬರೆಯುವಾಗ ಅದು ನಗೆಯ ಮಾತಾಗಿತ್ತು. ಈ ಕೆಲಸಕ್ಕೆ ಬರುವವರು ಅದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಆಗ ನಮ್ಮ ಊರನ್ನು ವಿಜಾಪುರ ಎನ್ನುತ್ತಿದ್ದೆವು. ಸೊಲ್ಲಾಪುರ ರಸ್ತೆಯಲ್ಲಿ ಟ್ರಕ್ಕಿನ ಗ್ಯಾರೇಜುಗಳ ನಡುವೆ ಅಣ್ಣಾರಾಯರ ಛಾಪಖಾನೆ ಇತ್ತು. ಅವರು ಮೊದಲು ಸಾಲಿ ಮಾಸ್ತರರಾಗಿದ್ದವರು. ಪಾವತಿ ಪುಸ್ತಕ, ಲಗ್ನಪತ್ರಿಕೆ ಅಚ್ಚು ಹಾಕಿ ಬೇಸತ್ತು, ಮಕ್ಕಳಿಗಾಗಿ ತಿಂಗಳಿಗೊಂದು ಚಿತ್ರಕಥೆಯ ಪುಸ್ತಕ ತೆಗೆಯಬೇಕೆಂದು ಮನಸ್ಸು ಮಾಡಿದರು. ಅದರ ನಾಯಕನೇ ಕರಿಕಂಬಳಿ. ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿಕೊಂಡವನು. ಕಣ್ಣು ಹುಬ್ಬು ಬಿಟ್ಟರೆ ಮುಖ ಕಾಣುತ್ತಿರಲಿಲ್ಲ. ನಾಲ್ಕು ಹರದಾರಿ ಆಚೆ ಯಾರಾದರೂ ಪಿಸುಗುಟ್ಟಿದರೂ ಅವನಿಗೆ ಕೇಳಿಸುತ್ತಿತ್ತು. ಒಂದು ಜಿಗಿತಕ್ಕೆ ತಿಕೋಟಾದಿಂದ ಬಬಲೇಶ್ವರ ಮುಟ್ಟುತ್ತಿದ್ದ. ಪಿಸುಮಾತೂ ಆಚೆ ಗೋಡೆಗೆ ಕೇಳಿಸುವ ಗುಮ್ಮಟದ ಊರಿನವರಿಗೆ ಇಂಥ ಕಿವಿಯವನು ಹೊಳೆದದ್ದು ಆಶ್ಚರ್ಯವಲ್ಲ.

ಅವನು ಗಂಭೀರನಾಗಿರಬೇಕು ಎಂಬುದು ರಾಯರ ಮೊದಲ ಕಟ್ಟಳೆ. “ನಗಸಾಕ ಬ್ಯಾರೆ ಮಂದಿ ಅದಾರ. ಇವ ನ್ಯಾಯ ಮಾಡಾಕ ಬಂದಾಂವ” ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಚಿತ್ರ ಬರೆಯುತ್ತಿದ್ದವನು ದಸ್ತಗೀರ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಬಡಕಲು ಮೈ, ಉದ್ದ ಕೈ. ಅವನ ಅಪ್ಪ ಟಾಂಗಾಗಳಿಗೆ ಬಣ್ಣ ಬಳಿದು ಹೂಬಳ್ಳಿ ಬಿಡಿಸುತ್ತಿದ್ದ. ಇವನು ಉರ್ದು ಸಾಲಿಗೆ ನಾಲ್ಕು ವರ್ಷ ಹೋಗಿ ಬಿಟ್ಟವನು. ಕನ್ನಡ ಮಾತು ನಮ್ಮೆಲ್ಲರಂತೆಯೇ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಇದನ್ನು ನೆನಪಿಡಿ.

ಕೆಲಸ ಹೀಗಿತ್ತು. ರಾಯರು ಕಥೆಯನ್ನು ದಸ್ತಗೀರನಿಗೆ ಬಾಯಲ್ಲಿ ಹೇಳುತ್ತಿದ್ದರು. ಅವನು ದಪ್ಪ ಕಾಗದದ ಮೇಲೆ ಕರಿಶಾಯಿಯಲ್ಲಿ ಚಿತ್ರ ಬಿಡಿಸಿ, ಮಾತು ಬರುವ ಕಡೆ ಖಾಲಿ ಗುಳ್ಳೆ ಬಿಡುತ್ತಿದ್ದ. ಅದಕ್ಕೆ ನಾವು ಪುಗ್ಗಾ ಎನ್ನುತ್ತಿದ್ದೆವು. ಆಮೇಲೆ ರಾಯರು ಚೀಟಿಗಳಲ್ಲಿ ಮಾತು ಬರೆದು ಕೊಡುವರು. ಇಷ್ಟನೆಯ ಪುಟ, ಇಷ್ಟನೆಯ ಪುಗ್ಗಾ, ಈ ಮಾತು. ನಾನು ಅದನ್ನು ನಿಬ್ಬಿನಿಂದ ಪುಗ್ಗಾದೊಳಗೆ ಬರೆಯಬೇಕು. ಬರೆದ ಹಾಳೆಗಳು ಮಧ್ಯಾಹ್ನದ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ, ಸತುವಿನ ಬ್ಲಾಕುಗಳಾಗಿ ಮರಳುತ್ತಿದ್ದವು. ಅವನ್ನು ಟ್ರೆಡಲ್ ಯಂತ್ರಕ್ಕೆ ಕಟ್ಟಿ ಅಚ್ಚು ಹಾಕುತ್ತಿದ್ದೆವು.

ನಮ್ಮ ಕಡೆಯ ಬೇಸಗೆ ನಿಮಗೆ ಗೊತ್ತಿದೆ. ಬರೆಯುವಾಗ ಮುಂಗೈಯ ಬೆವರು ತಾಗಿದರೆ ದಸ್ತಗೀರನ ನಾಲ್ಕು ದಿನದ ಕೆಲಸ ಒಂದು ಕ್ಷಣದಲ್ಲಿ ಕದಡಿ ಹೋಗುತ್ತಿತ್ತು. ಎರಡು ಸಲ ಹಾಗೆ ಮಾಡಿ ಬೈಸಿಕೊಂಡ ಮೇಲೆ ನಾನೊಂದು ಉಪಾಯ ಮಾಡಿಕೊಂಡೆ. ರಟ್ಟಿನಂಥ ಕಾಗದದ ನಡುವೆ ಅಂಗೈಯಗಲದ ಕಿಂಡಿ ಕತ್ತರಿಸಿ, ಅದನ್ನು ಚಿತ್ರದ ಮೇಲೆ ಮುಚ್ಚುತ್ತಿದ್ದೆ. ಕಿಂಡಿಯಲ್ಲಿ ಪುಗ್ಗಾ ಮಾತ್ರ ಕಾಣುತ್ತಿತ್ತು. ಕೈ ಕಾಗದದ ಮೇಲೆ, ನಿಬ್ಬು ಕಿಂಡಿಯಲ್ಲಿ. ಚಿತ್ರಕ್ಕೆ ಏನೂ ಆಗುತ್ತಿರಲಿಲ್ಲ. ರಾಯರು ಇದನ್ನು ನೋಡಿ ಮೆಚ್ಚಿದರು. ನಾನೂ ದೊಡ್ಡದೇನೋ ಕಂಡುಹಿಡಿದವನಂತೆ ಇದ್ದೆ.

ನಗೆಯ ಮಾತು ಶುರುವಾದದ್ದು ಖಾಲಿ ಜಾಗದಿಂದ. ದಸ್ತಗೀರನ ಪುಗ್ಗಾಗಳು ಯಾವಾಗಲೂ ದೊಡ್ಡವು. ರಾಯರ ಮಾತುಗಳು ಚಿಕ್ಕವು. “ನಿಲ್ಲು, ದುಷ್ಟ” ಎಂದು ಬರೆದರೆ ಪುಗ್ಗಾದ ಮುಕ್ಕಾಲು ಪಾಲು ಬೆಳ್ಳಗೆ ಉಳಿಯುತ್ತಿತ್ತು. ಸಣ್ಣದು ಮಾಡಿ ತಿದ್ದೋಣವೆಂದರೆ ಬಿಳಿ ಬಣ್ಣ ಬಳಿದ ಕಡೆ ಬ್ಲಾಕಿನಲ್ಲಿ ಕಲೆ ಬೀಳುತ್ತಿತ್ತು. ಖಾಲಿ ಪುಗ್ಗಾ ಕಂಡರೆ ರಾಯರಿಗೆ ಸಿಟ್ಟು. ಹಾಗಾಗಿ ಚೀಟಿಯಲ್ಲಿ ಇಲ್ಲದ ಒಂದು ಸಾಲನ್ನು ನಾನೇ ಸೇರಿಸುವ ರೂಢಿ ಬಿತ್ತು. ಮೊದಮೊದಲು ಹೊಂದುವ ಮಾತನ್ನೇ ಸೇರಿಸುತ್ತಿದ್ದೆ. ಒಮ್ಮೆ ಕಳ್ಳರು ಧಾನ್ಯದ ಚೀಲ ಹೊತ್ತು ಓಡಿಹೋದ ಮೇಲೆ ಕರಿಕಂಬಳಿ ಬಂದಿಳಿಯುತ್ತಾನೆ. “ಇಷ್ಟು ತಡ ಯಾಕೆ?” ಎಂದು ಊರಿನವರು ಕೇಳುತ್ತಾರೆ. ಚೀಟಿಯಲ್ಲಿ ಇದ್ದದ್ದು “ಕ್ಷಮಿಸಿ” ಎಂಬ ಒಂದೇ ಪದ. ಉಳಿದ ಜಾಗಕ್ಕೆ ನಾನು “ಬಬಲೇಶ್ವರದ ಬಸ್ಸು ತಪ್ಪಿತ್ತು” ಎಂದು ಬರೆದೆ. ಒಂದೇ ಜಿಗಿತಕ್ಕೆ ಊರು ದಾಟುವವನು ತಪ್ಪನ್ನು ಬಸ್ಸಿನ ಮೇಲೆ ಹಾಕುತ್ತಾನೆ. ಯಾಕೆ ಬರೆದೆನೋ. ನಾನೂ ಆ ದಿನ ತಡವಾಗಿ ಬಂದು ರಾಯರಿಗೆ ಅದೇ ಕಾರಣ ಹೇಳಿದ್ದೆ.

ರಾಯರು ಅಚ್ಚಾದ ಮೇಲೆ ನೋಡಿ ಹಾರಾಡಿದರು. ಆದರೆ ತಿಕೋಟಾದ ಪುಸ್ತಕದಂಗಡಿಯವನು ಇನ್ನಷ್ಟು ಪ್ರತಿ ಕಳಿಸಿರಿ ಎಂದು ಕಂಡಕ್ಟರನ ಕೈಲಿ ಹೇಳಿ ಕಳಿಸಿದ. ಹುಡುಗರು ಸಾಲಿಗೆ ತಡವಾಗಿ ಬಂದು ಕರಿಕಂಬಳಿಯ ಕಾರಣವನ್ನೇ ಹೇಳುತ್ತಿದ್ದಾರೆ ಎಂದೂ ಸುದ್ದಿ ಬಂತು. ರಾಯರು ಸುಮ್ಮನಾದರು. ಅಲ್ಲಿಂದ ಬಸ್ಸು ತಪ್ಪುವುದು ಎರಡು ಮೂರು ಸಂಚಿಕೆಗೊಮ್ಮೆ ಬರತೊಡಗಿತು.

ನಗೆಯ ಮಾತು ಬರೆಯುವುದರಲ್ಲಿ ನಾನು ಕಲಿತದ್ದೆಲ್ಲ ದಸ್ತಗೀರನಿಂದ. ಅವನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ, ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳುತ್ತಿದ್ದೆ. ಅವನು ನಗುತ್ತಿರಲಿಲ್ಲ. ನಿಬ್ಬು ತೊಳೆಯುತ್ತಲೋ ಚಹಾ ಕುಡಿಯುತ್ತಲೋ ಕೇಳಿಸಿಕೊಂಡು, “ಇದರಾಗ ನಗೂದು ಎಲ್ಲಿ ಬಂತೋ?” ಎನ್ನುತ್ತಿದ್ದ. ನಾನು ವಿವರಿಸಲು ಹೋದರೆ, “ಹೇಳಿ ತಿಳಸೂದಿದ್ದರ ಬ್ಯಾಡ, ಅಳಿಸಿಬಿಡು” ಎನ್ನುವನು. ಒಮ್ಮೊಮ್ಮೆ ತಾಸಿನ ಮೇಲೆ, ಗೆರೆ ಎಳೆಯುತ್ತ ಕುಳಿತವನು ಇದ್ದಕ್ಕಿದ್ದಂತೆ ಕುಂಚ ಮೇಲೆತ್ತಿ ಭುಜ ಅಲುಗಿಸುತ್ತಿದ್ದ. ಆಗ ಆ ಮಾತು ಸರಿಯಾಗಿದೆ ಎಂದು ನಾನು ತಿಳಿಯುತ್ತಿದ್ದೆ.

ಕರಿಕಂಬಳಿಯ ಮುಖವನ್ನು ಅವನು ಎಂದೂ ಸಡಿಲಿಸಲಿಲ್ಲ. ನಗೆಯ ಮಾತಿನ ಕಡೆ ಹುಬ್ಬನ್ನು ಇನ್ನಷ್ಟು ಗಂಟಿಕ್ಕಿಸುತ್ತಿದ್ದ. ಪಕ್ಕದಲ್ಲಿ ನಿಂತವರೂ ನಗುವಂತಿಲ್ಲ. ಒಮ್ಮೆ ನಾನು, ಹಿಂದಿರುವ ಮಂದಿ ನಗುವ ಹಾಗೆ ಬಿಡಿಸು ಎಂದೆ. “ಅವರs ನಕ್ಕಬಿಟ್ರ ಓದಾಂವ ಏನ ಮಾಡಬೇಕು?” ಎಂದ. ಈಗಿನವರ ಪುಸ್ತಕಗಳನ್ನು ನೋಡುತ್ತೇನೆ. ಹಾಸ್ಯ ಹೇಳಿದವನೇ ಹಲ್ಲು ಬಿಟ್ಟಿರುತ್ತಾನೆ. ನನಗೆ ಆಯಾಸವಾಗುತ್ತದೆ.

ತಪ್ಪುಗಳೂ ಆದವು. ಒಂದು ಕಥೆಯಲ್ಲಿ ಕರಿಕಂಬಳಿ ಸಾಹುಕಾರನ ಪಿಸುಮಾತು ಕೇಳಿಸಿಕೊಂಡು ಹಿಡಿಯುತ್ತಾನೆ. “ನಿನ್ನ ಗುಟ್ಟು ನನಗೆ ನಾಲ್ಕು ಹರದಾರಿಯಿಂದ ಕೇಳಿಸಿತು” ಎನ್ನುವುದು ಚೀಟಿಯ ಮಾತು. ಜಾಗ ಉಳಿಯಿತು. “ಹೆಂಡತಿ ಪಕ್ಕದಲ್ಲಿ ನಿಂತು ಕರೆದರೆ ಮಾತ್ರ ಕೇಳಿಸುವುದಿಲ್ಲ” ಎಂದು ಸೇರಿಸಿದೆ. ಪುಸ್ತಕ ಹೊರಬಿದ್ದ ಮೇಲೆ ರಾಯರು ಕನ್ನಡಕ ಕೈಯಲ್ಲಿ ಹಿಡಿದು ನನ್ನ ಮೇಜಿನ ಬಳಿ ಬಂದರು.

“ಶಿವಪ್ಪ, ಕರಿಕಂಬಳಿದು ಲಗ್ನ ಯಾವಾಗ ಆತೋ? ಊಟಕ್ಕಲ್ಲದಿದ್ರೂ ಅಕ್ಕಿಕಾಳಿಗಾರ ಕರೀಬೇಕಿತ್ತು.”

ಅವರು ಅದನ್ನು ನಗದೆ ಹೇಳಿದರು. ನಿಜವಾಗಿ ಹಾಸ್ಯ ಬರುತ್ತಿದ್ದದ್ದು ರಾಯರಿಗೆ, ಅದು ಅವರಿಗೇ ಗೊತ್ತಿರಲಿಲ್ಲ. ಮುಂದಿನ ವಾರ ಘೋಣಸಗಿಯಿಂದ ಒಬ್ಬಾಕೆಯ ಕಾಗದ ಬಂತು. ಕರಿಕಂಬಳಿಯ ಹೆಂಡತಿಯ ತವರು ಯಾವುದು, ಅವನು ಊರೂರು ತಿರುಗುವಾಗ ಆಕೆ ಒಬ್ಬಳೇ ಹೇಗಿರುತ್ತಾಳೆ, ಎಂದು ಕೇಳಿದ್ದಳು. ಉತ್ತರ ಬರೆಯಲು ನಮ್ಮ ಮೂವರಿಗೂ ತಿಳಿಯಲಿಲ್ಲ. ಆಮೇಲೆ ಆ ಹೆಂಡತಿಯ ಸುದ್ದಿಯನ್ನು ಎತ್ತಲೇ ಇಲ್ಲ.

ಈಗ ಆ ಪುಟದ ಸಂಗತಿ.

ಒಂದು ಬೇಸಗೆಯ ಸಂಚಿಕೆ. ಕರಿಕಂಬಳಿ ಕೆರೆಗೆ ಬಿದ್ದ ಮಗುವನ್ನು ಉಳಿಸಲು ಹೋಗುವ ಕಥೆ. ಈ ಸಲ ಅವನು ಸೋಲಲಿ, ಮಕ್ಕಳು ನೀರಿನ ಬಗ್ಗೆ ಎಚ್ಚರ ಕಲಿಯಲಿ ಎಂದು ರಾಯರು ಯೋಚಿಸಿದ್ದರು. ಮಾಸ್ತರರ ಬುದ್ಧಿ. ದಸ್ತಗೀರ ಆ ಪುಟವನ್ನು ಜ್ವರ ಮೈಯಲ್ಲಿ ಇಟ್ಟುಕೊಂಡೇ ಬಿಡಿಸಿ, ಹಾಳೆ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋದ. ಕೆರೆಯ ದಂಡೆ, ಬಟ್ಟೆ ಹೊದಿಸಿ ಮಲಗಿಸಿದ ಮಗು, ತಲೆ ಬಗ್ಗಿಸಿ ಕುಳಿತ ಕರಿಕಂಬಳಿ. ಇಂಥ ಕಡೆ ಮಾತು ಬಹಳ ಬರಬಹುದೆಂದು ಪುಗ್ಗಾವನ್ನು ದೊಡ್ಡದಾಗಿ ಬಿಟ್ಟಿದ್ದ.

ನನಗೆ ಆ ಕಥೆ ಗೊತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ಚೀಟಿ ಮಾತ್ರ. ಬಸ್ಸಿಗೆ ಮುಕ್ಕಾಲು ತಾಸು ಉಳಿದಿತ್ತು, ಆರು ಪುಟ ಬಾಕಿ ಇದ್ದವು. ಹಾಳೆಯ ಮೇಲೆ ಕಿಂಡಿಯ ಕಾಗದ ಮುಚ್ಚಿ ಚೀಟಿ ನೋಡಿದೆ. “ನಾನು ಬರುವುದು ತಡವಾಯಿತು” ಎಂದಿತ್ತು. ಬರೆದೆ. ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯಿತು. ಕೈ ತಾನಾಗಿ ಮುಂದಿನ ಸಾಲನ್ನು ಬರೆಯಿತು. ಬಬಲೇಶ್ವರದ ಬಸ್ಸು ತಪ್ಪಿತ್ತು.

ನನ್ನ ಕೈ ಆ ಮಗುವಿನ ಮೇಲೆಯೇ ಇತ್ತು. ನಡುವೆ ಒಂದು ಕಾಗದ.

ದಸ್ತಗೀರ ಇದ್ದಿದ್ದರೆ ಓದಿ ಹೇಳುತ್ತಿದ್ದೆ, ಅವನು ತಡೆಯುತ್ತಿದ್ದ. ಬ್ಲಾಕುಗಳು ಮರಳಿ ಬಂದಾಗ ಅವನು ಪ್ರೂಫಿನಲ್ಲಿ ಗೆರೆ ಒಡೆದಿದೆಯೇ ಎಂದಷ್ಟೇ ನೋಡಿದ. ರಾಯರು ಅಕ್ಷರ ತಪ್ಪಿದೆಯೇ ಎಂದಷ್ಟೇ ನೋಡಿದರು. ತಪ್ಪಿರಲಿಲ್ಲ. ಸಹಿ ಹಾಕಿದರು.

ಹದಿನೈದು ದಿನಕ್ಕೆ ಮಮದಾಪುರದಿಂದ ಒಂದು ಕಾರ್ಡು ಬಂತು. ಪೆನ್ಸಿಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದದ್ದು. “ನನ್ನ ಮಗಳು ಕೆರೆಗೆ ಬಿದ್ದ ದಿವಸ ನಾನು ಬಬಲೇಶ್ವರದಾಗ ಇದ್ದೆ. ಬಸ್ಸು ತಪ್ಪಿತ್ತು. ಇದನ್ನು ನಿಮಗೆ ಯಾರು ಹೇಳಿದರು? ಊರಾಗ ಮಂದಿ ಪುಸ್ತಕ ಹಿಡಕೊಂಡು ನನ್ನ ಮುಖ ನೋಡತಾರ. ಇದರಾಗ ನಗೂದು ಏನೈತಿ?” ಕೆಳಗೆ ಲಗಮಣ್ಣ ಎಂದು ಹೆಸರು.

ನಾನು ಪುಸ್ತಕ ತೆಗೆದು ಆ ಪುಟವನ್ನು ಮೊದಲ ಸಲ ನೋಡಿದೆ. ಆಮೇಲೆ ಕಾರ್ಡನ್ನೂ ಪುಟವನ್ನೂ ದಸ್ತಗೀರನಿಗೆ ಓದಿ ಹೇಳಿದೆ. ಅವನು ಕುಂಚ ತೊಳೆದಿಟ್ಟ. ಮಮದಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ರಾಯರು ಕಾಗದ ಬರೆದರೆ ಸಾಕು ಎಂದರು. ದಸ್ತಗೀರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದ.

ಬಬಲೇಶ್ವರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋದೆವು. ಲಗಮಣ್ಣ ಕೆರೆಯ ಏರಿಯ ಕೆಳಗೆ ಕುರಿ ಮೇಯಿಸುತ್ತಿದ್ದಾನೆ ಎಂದು ಯಾರೋ ತೋರಿಸಿದರು. ನಲವತ್ತರ ಆಸುಪಾಸಿನ ಮನುಷ್ಯ. ಯಾರೆಂದು ಹೇಳಿದೆವು. ಕುಳಿತುಕೊಳ್ಳಿ ಎನ್ನಲಿಲ್ಲ. ನಾವು ಕುಳಿತೆವು.

ತನಗೆ ಓದು ಅಷ್ಟಾಗಿ ಬಾರದು ಎಂದ. ಮಗಳು ಮಾಳವ್ವ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಕರಿಕಂಬಳಿಯ ಪುಸ್ತಕವನ್ನು ಆಕೆ ಜೋರಾಗಿ ಓದುತ್ತಿದ್ದಳು, ಇವನು ಉಣ್ಣೆ ಬಿಡಿಸುತ್ತ ಕೇಳುತ್ತಿದ್ದ. ಆಕೆ ಹೋದ ಮೇಲೆ ರೂಢಿಗೆ ಬಿದ್ದು ಆ ತಿಂಗಳ ಪುಸ್ತಕವನ್ನೂ ಕೊಂಡು ತಂದಿದ್ದ. ಒಂದೊಂದೇ ಅಕ್ಷರ ಕೂಡಿಸಿ ಓದಿದ್ದ. ಇಷ್ಟನ್ನು ಕುರಿಗಳ ಕಡೆ ನೋಡುತ್ತಲೇ ಹೇಳಿದ. ಆಮೇಲೆ ನನ್ನನ್ನು ಕೇಳಿದ.

“ಬರದಾಂವ ನೀನು?”

“ಹೌದ್ರಿ.”

“ಕೂಸು ಸತ್ತದ್ದು ಕಣ್ಣಿಗೆ ಕಾಣಲಿಲ್ಲೇನು?”

ನಾನು ಚೀಲದಿಂದ ಕಿಂಡಿಯ ಕಾಗದ ತೆಗೆದು ಅವನ ಕೈಗೆ ಕೊಟ್ಟೆ. ಹೇಗೆ ಬರೆಯುತ್ತೇನೆ ಎಂದು ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಸುಳ್ಳಿನಂತೆ ಕೇಳಿಸುತ್ತಿತ್ತು. ಅವನು ಕಾಗದವನ್ನು ಕಣ್ಣಿಗೆ ಹಿಡಿದು ಕಿಂಡಿಯಿಂದ ಕುರಿಗಳನ್ನು ನೋಡಿದ, ಆಮೇಲೆ ಕೆರೆಯನ್ನು ನೋಡಿದ. ಮರಳಿ ಕೊಟ್ಟ.

“ನಮ್ಮ ಬಗ್ಗೆ ನಮಗ ಏನೂ ಗೊತ್ತಿರಲಿಲ್ಲರಿ ಯಜಮಾನ್ರ” ಎಂದು ದಸ್ತಗೀರ ಹೇಳಿದ. ತೊದಲಿ ‘ನಿಮ್ಮ’ ಎನ್ನಬೇಕಾದಲ್ಲಿ ‘ನಮ್ಮ’ ಎಂದಿದ್ದ. ಯಾರೂ ತಿದ್ದಲಿಲ್ಲ. “ಅಲ್ಲಾನ ಆಣಿ, ಯಾರೂ ಹೇಳಿಲ್ಲ.”

ಲಗಮಣ್ಣ, ತಾನು ನಂಬುತ್ತೇನೆ, ಊರಿನವರು ನಂಬಬೇಕಲ್ಲ ಎಂದ. ನಗೆಯ ಮಾತು ತನಗೂ ಗೊತ್ತು ಎಂದ. “ಆದ್ರ ಅಲ್ಲಿ ಅಂವ ಸುಮ್ಮ ಕುಂತಿದ್ರ ಸಾಕಿತ್ತು” ಎಂದ. ಕ್ಷಮಿಸಿದೆ ಎನ್ನಲಿಲ್ಲ. ಅವನ ಹೆಂಡತಿ ದೂರದಲ್ಲಿ ಮನೆಯ ಬಾಗಿಲಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ. ಹೊತ್ತಾಯಿತು, ಬಸ್ಸು ಬರುತ್ತದೆ, ಹೊರಡಿ ಎಂದು ಅವನೇ ಎಬ್ಬಿಸಿದ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ನಾವು ತಪ್ಪೊಪ್ಪಿಗೆ ಅಚ್ಚು ಹಾಕಿದೆವು. ಆ ಸಾಲು ಯಾರನ್ನೂ ಕುರಿತದ್ದಲ್ಲ, ಬರೆದವನು ಚಿತ್ರ ನೋಡದೆ ಬರೆದ, ತಪ್ಪು ಅವನದು, ಎಂದು. ನಾಯಕನ ಪುಸ್ತಕದಲ್ಲಿ ಕ್ಷಮೆ ಕೇಳಿದರೆ ನಾಯಕ ಉಳಿದಾನೆಯೇ ಎಂದು ರಾಯರು ಎರಡು ದಿನ ಒಪ್ಪಿರಲಿಲ್ಲ. ಆ ಪುಟವನ್ನೂ ಮತ್ತೆ ಅಚ್ಚು ಹಾಕಿದೆವು, ಪುಗ್ಗಾ ಇಲ್ಲದೆ. ಮಮದಾಪುರದ ಅಂಗಡಿಗೆ ಐವತ್ತು ಪ್ರತಿ ಪುಕ್ಕಟೆ ಕಳಿಸಿ, ಬಂದವರಿಗೆಲ್ಲ ಕೊಡು ಎಂದೆವು.

ಕಿಂಡಿಯ ಕಾಗದವನ್ನು ಹರಿದು ಹಾಕಿದೆ. ಬೆವರು ಬಿದ್ದರೆ ಬೀಳಲಿ ಎಂದು ಕೈಗೆ ಬಟ್ಟೆ ಸುತ್ತಿಕೊಂಡು ಬರೆದೆ. ದಸ್ತಗೀರ ಕನ್ನಡ ಓದಲು ಕಲಿಯುತ್ತೇನೆ ಎಂದು ಹಟ ಹಿಡಿದ. ಊಟದ ಹೊತ್ತಿನಲ್ಲಿ ಹಳೆಯ ಸಂಚಿಕೆ ಹರಡಿಕೊಂಡು ತನ್ನದೇ ಪುಗ್ಗಾಗಳ ಮೇಲೆ ಬೆರಳಿಟ್ಟು ಓದುತ್ತಿದ್ದ. ಒಂದು ವರ್ಷದಲ್ಲಿ ಓದಿದ. ನನ್ನ ಬಾಯಿಂದ ಕೇಳಿದ್ದ ಮಾತನ್ನೇ ತಾನು ಬಿಡಿಸಿದ ಚಿತ್ರದೊಳಗೆ ಓದಿ, “ಇಷ್ಟ ದಿವಸ ನೀ ನನ್ನ ಚಿತ್ರದಾಗ ಇದನ್ನೆಲ್ಲಾ ಬರದಿದ್ದೇನ ಲೇ?” ಎಂದು ಬೈದದ್ದೂ ಉಂಟು.

ಆದರೆ ನಗೆಯ ಮಾತು ನನ್ನಿಂದ ಬರುವುದು ನಿಂತುಹೋಯಿತು. ರಾಯರಿಗೆ ಹೇಳಿ ಮಾತುಗಳನ್ನು ಉದ್ದ ಬರೆಸಿಕೊಂಡೆ, ಜಾಗ ಉಳಿಯದಂತೆ ನೋಡಿಕೊಂಡೆ. ಕರಿಕಂಬಳಿ ಉಪದೇಶ ಮಾಡತೊಡಗಿದ. ನಾಲ್ಕೈದು ಸಂಚಿಕೆ ಹಾಗೆಯೇ ಹೋದವು. ತಿಕೋಟಾದ ಕಟ್ಟು ಬಿಚ್ಚದೆಯೇ ಮರಳಿ ಬಂತು. ಮೊದಲು ನಗೆ ಬೇಡ ಎಂದಿದ್ದ ರಾಯರೇ ಈಗ, “ಏನರೆ ಒಂದು ಸೇರಿಸೋ ಮಾರಾಯಾ” ಎನ್ನುತ್ತಿದ್ದರು. ನಾನು ನಿಬ್ಬು ಅದ್ದಿ ಕುಳಿತರೆ ಕೆರೆಯ ದಂಡೆ ಕಾಣುತ್ತಿತ್ತು. ನನ್ನಿಂದಾಗದು, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಿಡುವ ಹಂತಕ್ಕೆ ಬಂದಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಲಗಮಣ್ಣ ಛಾಪಖಾನೆಯ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಮಾರಲು ತಂದ ಎರಡು ಕಂಬಳಿ. ಕಂಕುಳಲ್ಲಿ ನಮ್ಮ ಪುಸ್ತಕಗಳು. ದಸ್ತಗೀರ ಎದ್ದು ಸ್ಟೂಲು ಕೊಟ್ಟ. ಲಗಮಣ್ಣ ಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟ.

“ನಾ ಬ್ಯಾಡ ಅಂದದ್ದು ಒಂದು ಪುಟಕ್ಕರೀಪಾ. ನೀವು ಪುಸ್ತಕಕ್ಕ ಪುಸ್ತಕs ಅಳಾಕ ಹಚ್ಚೀರಿ.”

ಅವನು ಮುಂದುವರಿದು, ಮನೆಯಲ್ಲಿ ಇದನ್ನು ಓದಲಾಗುತ್ತಿಲ್ಲ ಎಂದ. ತಾನು ಓದಿ ಹೇಳುತ್ತಾನೆ, ಹೆಂಡತಿ ಕೇಳುತ್ತಾಳೆ. ಮಾಳವ್ವ ಓದುತ್ತಿದ್ದ ಕರಿಕಂಬಳಿ ಇವನಲ್ಲ ಎನ್ನುತ್ತಾಳೆ. ಆಕೆ ಮಾತಾಡುವುದೇ ಕಡಿಮೆ, ಅದರಲ್ಲಿ ಇದೊಂದನ್ನು ಹೇಳಿದ್ದಾಳೆ, ಅದಕ್ಕೇ ಬಂದೆ ಎಂದ. ಆಮೇಲೆ ಹಳೆಯ ಸಂಚಿಕೆಯೊಂದನ್ನು ತೆರೆದು ಕರಿಕಂಬಳಿ ಬಾವಿಯಿಂದ ಮೇಲಕ್ಕೆ ಹಾರುವ ಚಿತ್ರವನ್ನು ದಸ್ತಗೀರನ ಮುಂದೆ ಹಿಡಿದ.

“ಇದನ್ನ ನೋಡಿ ನಮ್ಮ ಮಾಳಿ ನಗತಿದ್ಲು. ‘ಯಪ್ಪಾ, ತೊಯ್ದ ಕಂಬಳಿ ಹಿಂಡಾಕ ನಿನಗs ಇಬ್ಬರು ಬೇಕು. ಇಂವ ಹೊತ್ತಕೊಂಡು ಹಾರ್ಯಾನ ನೋಡು’ ಅಂತಿದ್ಲು.”

ದಸ್ತಗೀರ ಚಿತ್ರವನ್ನು ನೋಡಿದ. ತನ್ನ ಗೆರೆಯ ಬಗ್ಗೆ ಯಾರಾದರೂ ಏನಾದರೂ ಅಂದರೆ ಅವನಿಗೆ ತಡೆಯುತ್ತಿರಲಿಲ್ಲ. ಅಷ್ಟೇನು ಭಾರ ಇರುತ್ತದೆ ಎಂದ. ನೋಡಿಕೊಂಡು ಚಿತ್ರ ಬಿಡಿಸಲೆಂದು ಗೂಟಕ್ಕೆ ತೂಗುಹಾಕಿದ ಒಂದು ಹಳೆಯ ಕಂಬಳಿ ನಮ್ಮಲ್ಲಿತ್ತು. ದಸ್ತಗೀರ ಅದನ್ನು ಹಿತ್ತಲಿಗೆ ಒಯ್ದು, ಅಚ್ಚುಮೊಳೆ ತೊಳೆಯುವ ನೀರಿನ ಪೀಪಾಯಿಯಲ್ಲಿ ಮುಳುಗಿಸಿದ. ಚೆನ್ನಾಗಿ ನೆನೆಯಲಿ ಎಂದು ಮೂವರೂ ಚಹಾ ಕುಡಿದೆವು. ಆಮೇಲೆ ಅದನ್ನು ಎಳೆದು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡ. ಒಂದು ಕಾಲು ಮುಂದಿಟ್ಟು, ಕೈ ಮೇಲೆತ್ತಿ, ಕರಿಕಂಬಳಿ ಜಿಗಿಯುವ ಮುಂಚೆ ನಿಲ್ಲುವಂತೆ ನಿಂತ. ಅರೆಕ್ಷಣ ನಿಂತಿರಬೇಕು. ಮೊಣಕಾಲು ಮಡಚಿತು, ಸೊಂಟ ಬಾಗಿತು, ಮೆಲ್ಲಗೆ, ಬಹಳ ಮೆಲ್ಲಗೆ ಕೆಸರಿನಲ್ಲಿ ಕುಳಿತುಬಿಟ್ಟ. ಮೇಲಿಂದ ಕಂಬಳಿ ಪೂರ್ತಿ ಮುಚ್ಚಿಕೊಂಡಿತು. ಒಂದು ಕೈ ಮಾತ್ರ ಇನ್ನೂ ಮೇಲಕ್ಕೆ ಚಾಚಿತ್ತು.

ಲಗಮಣ್ಣ ನಕ್ಕ. ಹೊಟ್ಟೆಯಿಂದ ಬಂದ ನಗು. ಆಮೇಲೆ ತಟ್ಟನೆ ನಿಲ್ಲಿಸಿ, ಮಾಡಬಾರದ್ದನ್ನು ಮಾಡಿದವನಂತೆ ಬಾಗಿಲ ಕಡೆ ನೋಡಿದ. ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. ಬಾಯಿಗೆ ರುಮಾಲಿನ ಸೆರಗು ಒತ್ತಿಕೊಂಡ.

ಕಂಬಳಿಯ ಒಳಗಿನಿಂದ ದಸ್ತಗೀರನ ದನಿ ಬಂತು. “ನಗ್ರಿ, ನಗ್ರಿ. ನಾ ಇನ್ನೂ ಕೆಳಗs ಅದೀನಿ.”

ಆ ತಿಂಗಳ ಕಥೆಯಲ್ಲಿ ಕರಿಕಂಬಳಿ ನೀರಿನಿಂದ ಹೊರಬಂದು ಹಾರಲಾಗದೆ ದಂಡೆಯ ಮೇಲೆ ಕುಳಿತಿರುತ್ತಾನೆ. ಊರಿನವರು ಸುತ್ತ ನಿಂತಿರುತ್ತಾರೆ. ಮುಖ ಎಂದಿನಂತೆ ಗಂಭೀರ. “ಯಾರಾದರೂ ಕೈ ಹಿಡಿದು ಎಬ್ಬಿಸಿ. ತೊಯ್ದ ಕಂಬಳಿ ಹೊತ್ತು ನಾನೂ ಹಾರಲಾರೆ” ಎನ್ನುತ್ತಾನೆ. ಚಿತ್ರವನ್ನು ಎದುರಿಗೇ ಇಟ್ಟುಕೊಂಡು ಆ ಮಾತು ಬರೆದೆ. ಮಗಳ ಹೆಸರು ಹಾಕಲೇ ಎಂದು ಲಗಮಣ್ಣನನ್ನು ಕೇಳಿದ್ದೆ, ಬೇಡ ಎಂದಿದ್ದ. ಅವನ ಹೆಂಡತಿ ನಕ್ಕಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕಾಗದ ಬರೆದು ಕೇಳುವುದು ಸರಿಯಲ್ಲ ಎನಿಸಿತು. ಪುಸ್ತಕ ಇನ್ನೂ ಎರಡು ವರ್ಷ ನಡೆಯಿತು. ಆಮೇಲೆ ಬಣ್ಣದ ಪುಸ್ತಕಗಳು ಬಂದವು, ಸತುವಿನ ಬ್ಲಾಕು ಹೋಯಿತು, ಆಫ್‌ಸೆಟ್ ಅಚ್ಚಿನ ಫಿಲಮ್ಮು ಬಂತು. ರಾಯರು ಯಂತ್ರ ಮಾರಿದರು.

ಈಗ ನೀವು ಗಣಕಯಂತ್ರದ ಮೇಲೆ ಬರೆಯುತ್ತೀರಿ. ಪುಗ್ಗಾ ದೊಡ್ಡದಾದರೆ ಸಣ್ಣದು ಮಾಡುತ್ತೀರಿ. ಬೆವರಿನ ಭಯವಿಲ್ಲ. ನಿಮಗೆ ಹೇಳಬೇಕಾದ ಬುದ್ಧಿಮಾತು ನನ್ನಲ್ಲಿ ಹೆಚ್ಚೇನೂ ಇಲ್ಲ. ಮಾತು ಬರೆಯುವ ಮುಂಚೆ ಇಡೀ ಪುಟ ನೋಡಿ. ನೋಡಿದ ಮೇಲೂ ತಪ್ಪಾದರೆ ಕಾಗದ ಬರೆಯಬೇಡಿ, ಹೋಗಿ.

ದಸ್ತಗೀರನ ಮನೆಗೆ ನಲವತ್ತನೆಯ ದಿನ ಹೋಗಿದ್ದೆ. ಕುರಾನಿನ ಓದು ಮುಗಿದು, ಬಂದವರು ಉಂಡು ಹೋಗಿದ್ದರು. ಅವನ ಹೆಂಡತಿ ಮಹಬೂಬಿ ಭಾಬಿ ಗೋಡೆಗೆ ಒರಗಿ ಕುಳಿತಿದ್ದಳು. ಎಲ್ಲರೂ ಅವನು ಎಷ್ಟು ಒಳ್ಳೆಯವನು ಎಂದು ಹೇಳುವುದನ್ನು ಕೇಳಿ ಕೇಳಿ ಆಕೆ ದಣಿದಿದ್ದಳು. ನಾನು ಏನೂ ಹೇಳದೆ ಎದ್ದುಬರಬೇಕೆಂದಿದ್ದೆ. ಯಾಕೋ ಆ ಹಿತ್ತಲಿನ ಸಂಗತಿ ಬಾಯಿಗೆ ಬಂತು. ಪೀಪಾಯಿ, ಕಂಬಳಿ, ಮೇಲಕ್ಕೆ ಚಾಚಿದ ಕೈ, ಎಲ್ಲ ಹೇಳಿದೆ. ಹೇಳುವಾಗ ನಾನು ನಗಲಿಲ್ಲ. ನಗುವಷ್ಟು ಕಸುವೂ ಇರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದರೂ ಅವರು ಇದನ್ನು ತನಗೆ ಹೇಳಿರಲಿಲ್ಲ ಎಂದಳು. ಆಕೆಯ ಭುಜ ಅಲುಗಿದ್ದನ್ನು ನೋಡಿದೆ, ಅದು ನಗುವೋ ಅಳುವೋ ಎಂದು ನೋಡಲು ಹೋಗಲಿಲ್ಲ.

ಆಮೇಲೆ ಕೇಳಿದಳು. “ಮತ್ತ ಅವರನ್ನ ಎಬ್ಬಿಸಿದವರು ಯಾರ್ರೀ? ನೀವೇನು?”

ನಾನಲ್ಲ ಎಂದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಲಗಮಣ್ಣ ತನ್ನ ಎರಡೂ ಹೊಸ ಕಂಬಳಿಗಳನ್ನು ಸ್ಟೂಲಿನ ಮೇಲಿಟ್ಟು, ಕೆಸರಿನಲ್ಲಿ ಕಾಲಿಟ್ಟು ಹೋಗಿ, ಆ ಕೈ ಹಿಡಿದು ಎಬ್ಬಿಸಿದ.